ಹಬಕ್ಕೂಕನ ಪ್ರಾರ್ಥನೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕಷ್ಟದಲ್ಲಿ ದೇವರನ್ನೇ ಪ್ರಶ್ನಿಸುವುದು ಅಪನಂಬಿಕೆಯಲ್ಲವೇ?

ಉತ್ತರ: ಅಲ್ಲ. ಬೈಬಲಿನ ಹಳೆ ಒಡಂಬಡಿಕೆಯಲ್ಲಿರುವ ಪ್ರವಾದಿ ಹಬಕ್ಕೂಕನ ಪುಸ್ತಕ ಶುರುವಾಗುವುದೇ ‘ಇನ್ನೆಷ್ಟು ಕಾಲ ಮೊರೆಯಿಡಲಿ’ ಎಂಬ ದೂರಿನಿಂದ (1:2). ಅವನ ನಾಡಾದ ಯೆಹೂದದ ಅನ್ಯಾಯಕ್ಕೆ ಕಸ್ದೀಯರ (ಬಾಬೆಲಿನವರ) ಮೂಲಕ ದಂಡನೆ ಎಂಬ ಉತ್ತರ ಬಂದಾಗ ಅವನ ಕಳವಳ ಹೆಚ್ಚುತ್ತದೆ, ಮತ್ತೆ ಕೇಳುತ್ತಾನೆ. ಆದರೆ ದೇವರಿಗೆ ಬೆನ್ನು ಹಾಕುವುದಿಲ್ಲ. ಕಾವಲು ಬುರುಜಿನಲ್ಲಿ ನಿಂತು ಉತ್ತರಕ್ಕೆ ಕಾಯುತ್ತಾನೆ (2:1). ನಾವು ಎಡವುವುದು ಹೆಚ್ಚಾಗಿ ಇಲ್ಲೇ: ದೂರು ಹೇಳಿ ಎದ್ದುಬಿಡುತ್ತೇವೆ, ಕಾಯುವುದಿಲ್ಲ.

3ನೆಯ ಅಧ್ಯಾಯದ ಪ್ರಾರ್ಥನೆಯನ್ನು ನಿಧಾನವಾಗಿ ಓದಿ. ಮೊದಲು ಕೋಪದಲ್ಲೂ ಕರುಣೆಯನ್ನು ನೆನೆಸಿಕೋ ಎಂಬ ಬೇಡಿಕೆ (3:2). ನಂತರ ದೇವರ ಮಹಾಕಾರ್ಯಗಳ ದೀರ್ಘ ಸ್ಮರಣೆ. 16ನೆಯ ವಚನದಲ್ಲಿ ಅವನ ತುಟಿ, ಕಾಲು ನಡುಗುತ್ತಿವೆ, ಭಯ ಹೋಗಿಲ್ಲ. ಆ ನಡುಕದಲ್ಲೇ ಆರು ನಷ್ಟಗಳನ್ನು ಹೆಸರಿಸುತ್ತಾನೆ: ಅಂಜೂರ, ದ್ರಾಕ್ಷಿ, ಎಣ್ಣೆಮರ (ಆಲಿವ್), ಹೊಲದ ಬೆಳೆ, ಕುರಿಹಿಂಡು, ಕೊಟ್ಟಿಗೆಯ ದನ. ಅಂದರೆ ಬದುಕಿನ ಆಧಾರವೆಲ್ಲ ಹೋದರೂ ಯೆಹೋವನಲ್ಲಿ ಉಲ್ಲಾಸಪಡುವೆನು ಎನ್ನುತ್ತಾನೆ. ಇಷ್ಟು ಪ್ರಾಮಾಣಿಕ ಪ್ರಾರ್ಥನೆ ಬೈಬಲಿನಲ್ಲೂ ಅಪರೂಪ.

ಪ್ರಶ್ನೆ: ಇದನ್ನು ಅಭ್ಯಾಸ ಮಾಡುವುದು ಹೇಗೆ?

ಉತ್ತರ: ಅವನ ಕ್ರಮವನ್ನೇ ಹಿಡಿಯಿರಿ. ದೂರನ್ನು ಒಂದು ವಾಕ್ಯದಲ್ಲಿ ಬರೆಯಿರಿ, ದೇವರು ಹಿಂದೆ ಮಾಡಿದ್ದನ್ನು ನೆನೆಯಿರಿ, ನಿಮ್ಮ ನಷ್ಟಗಳನ್ನು ಹೆಸರು ಹಿಡಿದು ಹೇಳಿ, ‘ಆದರೂ’ ಎಂಬ ಮಾತು ಆಮೇಲೆ ಬರಲಿ. ಮೊದಲೆರಡು ಅಧ್ಯಾಯಗಳನ್ನು ಬಿಟ್ಟು ಕೊನೆಯ ಮೂರು ವಚನಗಳನ್ನಷ್ಟೇ ಬಾಯಿಪಾಠ ಮಾಡಿದರೆ ಅದು ಒಣ ಘೋಷಣೆಯಾಗುತ್ತದೆ. ದುಃಖದಲ್ಲಿರುವವರ ಮೇಲೆ ಈ ವಚನಗಳನ್ನು ಹೇರಲೂ ಬೇಡಿ. ಪ್ರವಾದಿ ಇದನ್ನು ಹೇಳಿದ್ದು ತನ್ನ ಬಗ್ಗೆ.