ಕೆರೆಯಲ್ಲಿ ಈಜು ಕಲಿತವರಿಗೆ ಲೇಕ್ ಡಿಸ್ಟ್ರಿಕ್ಟಿನ ತಣ್ಣೀರು

ನಮಸ್ಕಾರ. ಆಗಸ್ಟಿನಲ್ಲಿ ಇಂಗ್ಲೆಂಡಿನ ಸರೋವರಗಳ ನಾಡಾದ ಲೇಕ್ ಡಿಸ್ಟ್ರಿಕ್ಟಿನ ಅಂಚಿನಲ್ಲಿರುವ ಕೆಂಡಲ್‌ಗೆ ಕೆಲಸಕ್ಕೆ ಬಂದಿದ್ದೀರಿ. ಜೊತೆ ಕೆಲಸ ಮಾಡುವವರು ಪ್ರತಿ ಭಾನುವಾರ ಸರೋವರಕ್ಕೆ ಇಳಿಯುತ್ತಾರೆ, ನಿಮ್ಮನ್ನೂ ಕರೆಯುತ್ತಿದ್ದಾರೆ. ಊರಿನ ಕೆರೆ, ಬಾವಿಗಳಲ್ಲಿ ಈಜಿ ಬೆಳೆದವರು ನೀವು. ಈ ಅಕ್ಟೋಬರ್ ಕೊನೆಯಲ್ಲಿ ಇಳಿಯಬಹುದೇ, ವೆಟ್‌ಸೂಟ್ (ಮೈಗಂಟಿ ಚಳಿ ತಡೆಯುವ ರಬ್ಬರಿನ ಈಜುಡುಗೆ) ಬೇಕೇ, ಮೈಗೆ ಎಣ್ಣೆ ಹಚ್ಚಿಕೊಂಡರೆ ಚಳಿ ತಡೆಯುತ್ತದೆಯೇ, ಹೆಂಡತಿಯೂ ಬರಬಹುದೇ ಎಂದು ಕೇಳಿದ್ದೀರಿ.

ಇಳಿಯಬಹುದು. ಇಲ್ಲಿನವರೊಡನೆ ಬೆರೆಯುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಕಡಿಮೆ. ಆದರೆ ಈಜುವುದು ಒಂದು ವಿದ್ಯೆ, ತಣ್ಣೀರು ತಡೆಯುವುದು ಬೇರೆಯದೇ ವಿದ್ಯೆ. ಮೊದಲನೆಯದು ನಿಮಗೆ ಬರುತ್ತದೆ, ಎರಡನೆಯದನ್ನು ಎಲ್ಲರಂತೆ ಅ ಆ ಇ ಈಯಿಂದ ಕಲಿಯಬೇಕು. ಬಾವಿಯಲ್ಲಿ ಕಲಿತವರ ಬಗ್ಗೆ ನನಗೆ ಒಂದು ಪಾಲು ಹೆಚ್ಚೇ ಆತಂಕ, ಯಾಕೆಂದರೆ ಅವರಿಗೆ ನೀರಿಗೆ ಇಳಿಯುವುದು ಎಂದರೆ ಧುಮುಕುವುದು. ಇಲ್ಲಿ ಅದೊಂದನ್ನು ಮಾತ್ರ ಮಾಡಲೇಬಾರದು.

ಕಾರಣ ಹೇಳುತ್ತೇನೆ. ನೀರು 15 ಡಿಗ್ರಿಗಿಂತ ಕೆಳಗಿದ್ದರೆ ಚರ್ಮ ಒಮ್ಮೆಲೇ ತಣ್ಣಗಾಗಿ, ನಮ್ಮ ಅಪ್ಪಣೆಗೆ ಕಾಯದೆ ಬಾಯಿ ತೆರೆದುಕೊಂಡು ಉಸಿರು ಒಳಕ್ಕೆ ಸೆಳೆಯುತ್ತದೆ. ಆಮೇಲೆ ಏದುಸಿರು, ಎದೆ ಡವಡವ, ರಕ್ತದೊತ್ತಡ ಏರಿಕೆ. ಇದಕ್ಕೆ ಕೋಲ್ಡ್ ವಾಟರ್ ಶಾಕ್ ಎನ್ನುತ್ತಾರೆ. ಮೊದಲ ಅರ್ಧ ನಿಮಿಷದಲ್ಲಿ ಅತಿ ಜೋರಾಗಿರುತ್ತದೆ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಆ ಮೊದಲ ಉಸಿರು ತಲೆ ನೀರೊಳಗಿರುವಾಗ ಬಂದರೆ ಎಳೆದುಕೊಳ್ಳುವುದು ಗಾಳಿಯಲ್ಲ, ನೀರು. ಧುಮುಕಬಾರದು ಎನ್ನುವುದು ಇದಕ್ಕೇ. ಅಕ್ಟೋಬರ್ ಕೊನೆಗೆ ಇಲ್ಲಿನ ಸರೋವರಗಳು ಸುಮಾರು 10ರಿಂದ 12 ಡಿಗ್ರಿ ಇರುತ್ತವೆ, ಫೆಬ್ರವರಿ ಹೊತ್ತಿಗೆ 5ರ ಹತ್ತಿರ.

ಒಳ್ಳೆಯ ಸುದ್ದಿಯೂ ಇದೆ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮೈಕ್ ಟಿಪ್ಟನ್ ಮತ್ತು ಸಂಗಡಿಗರು ದಶಕಗಳಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. ಎರಡು ಮೂರು ನಿಮಿಷದಂತೆ ಐದಾರು ಸಲ ತಣ್ಣೀರಿಗೆ ಇಳಿದರೆ ಸಾಕು, ಈ ಆಘಾತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ನಿಮ್ಮ ಮೊದಲ ಆರು ಭಾನುವಾರಗಳ ಕೆಲಸ ಈಜುವುದಲ್ಲ. ಸೊಂಟದಿಂದ ಎದೆಮಟ್ಟದ ನೀರಲ್ಲಿ ನಿಂತು, ಉಸಿರು ಹತೋಟಿಗೆ ತಂದುಕೊಂಡು, ಎದ್ದು ಬರುವುದು. ಜೊತೆಯವರು ಇಪ್ಪತ್ತು ನಿಮಿಷ ಈಜಿದರೆ ಈಜಲಿ, ಅವರು ಜೂನ್‌ನಿಂದ ಪ್ರತಿ ವಾರ ಇಳಿದು, ನೀರು ತಣ್ಣಗಾಗುತ್ತಾ ಬಂದಂತೆ ತಾವೂ ಒಗ್ಗಿಕೊಂಡವರು.

ಇಳಿಯುವ ಕ್ರಮ ಹೀಗೆ. ಮೊದಲು ಥರ್ಮಾಮೀಟರನ್ನು ನೀರಲ್ಲಿ ಬಿಟ್ಟು ಎಷ್ಟಿದೆ ನೋಡಿ. ನೀರೊಳಗಿನ ಸ್ಲೇಟ್ ಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ, ಬರಿಗಾಲಿಟ್ಟರೆ ಜಾರುವುದು ಖಚಿತ, ನಿಯೋಪ್ರೀನ್ ಎಂಬ ರಬ್ಬರಿನ ಬೂಟು ಹಾಕಿಕೊಳ್ಳಿ. ಮೊಣಕಾಲು ಮುಳುಗುವಷ್ಟಕ್ಕೆ ಹೋಗಿ ನಿಂತು, ಬೊಗಸೆಯಲ್ಲಿ ನೀರು ತೆಗೆದು ಕತ್ತಿನ ಹಿಂಭಾಗ, ಮುಖ, ತೋಳುಗಳಿಗೆ ಚಿಮುಕಿಸಿ. ಸೊಂಟ ದಾಟುವಾಗ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಬಿಡುವುದರ ಮೇಲೆ ಗಮನವಿರಲಿ, ಎಳೆದುಕೊಳ್ಳುವುದನ್ನು ಮೈಯೇ ನೋಡಿಕೊಳ್ಳುತ್ತದೆ. ಭುಜ ಮುಳುಗಿದ ಮೇಲೆ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಿ ನೋಡಿ. ನಡುವೆ ಉಸಿರು ತುಂಡಾಗದೆ ಹೇಳಲು ಬಂದರೆ ಮಾತ್ರ ಕಾಲೆತ್ತಿ ಈಜಬಹುದು. ಅದಕ್ಕೆ ಮೊದಲು ಮುಖ ಮುಳುಗಿಸಬೇಡಿ, ಉಸಿರು ಬಿಗಿಹಿಡಿಯುವ ಆಟವಂತೂ ಬೇಡವೇ ಬೇಡ. ತಣ್ಣೀರಿನ ಆಘಾತ ಎದೆಬಡಿತವನ್ನು ಏರಿಸುತ್ತದೆ, ಮುಖ ಮುಳುಗಿಸಿ ಉಸಿರು ಹಿಡಿಯುವುದು ಇಳಿಸುತ್ತದೆ. ಎರಡೂ ಒಟ್ಟಿಗೆ ನಡೆದರೆ ಬಡಿತದ ಲಯವೇ ತಪ್ಪಬಹುದು. ಹೃದಯದ ತೊಂದರೆ, ಬಿಪಿ, ಆಸ್ತಮಾ ಏನಿದ್ದರೂ ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರ ಹತ್ತಿರ ಮಾತಾಡದೆ ಇಳಿಯಬೇಡಿ.

ಎಷ್ಟು ಹೊತ್ತು? ಒಂದು ಡಿಗ್ರಿಗೆ ಒಂದು ನಿಮಿಷ ಎನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಹೊಸಬರಿಗೆ ಅದು ಅತಿಯಾಯಿತು. 12 ಡಿಗ್ರಿಯಲ್ಲಿ ನಿಮಗೆ ಐದು ನಿಮಿಷ ಸಾಕು, 10ಕ್ಕಿಂತ ಕೆಳಗೆ ಎರಡು ಮೂರು. ಐದಾರು ನಿಮಿಷ ಕಳೆದ ಮೇಲೆ ಮೈ ಬೆಚ್ಚಗಾದಂತೆ ಅನಿಸಿ ಇನ್ನೊಂದು ಸುತ್ತು ಹೊಡೆಯುವ ಆಸೆ ಬರುತ್ತದೆ. ಮೈ ಬೆಚ್ಚಗಾಗಿರುವುದಿಲ್ಲ, ಚರ್ಮ ಮರಗಟ್ಟಿ ಚಳಿ ಗೊತ್ತಾಗದೆ ಹೋಗಿರುತ್ತದೆ ಅಷ್ಟೆ. ಆ ಹೊತ್ತಿಗೆ ಕೈ ನೋಡಿಕೊಳ್ಳಿ. ಹೆಬ್ಬೆರಳಿಗೆ ಕಿರುಬೆರಳು ಮುಟ್ಟಿಸಿ. ಸಲೀಸಾಗಿ ಮುಟ್ಟದಿದ್ದರೆ, ಬೆರಳುಗಳು ಒಂದಕ್ಕೊಂದು ಕೂಡದೆ ಹದ್ದಿನ ಉಗುರಿನ ಹಾಗೆ ಅಗಲಿ ನಿಂತಿದ್ದರೆ, ನೀವು ಹೊರಡುವುದು ಆಗಲೇ ತಡವಾಗಿದೆ. ಕೈಕಾಲಿನ ಸ್ನಾಯು ತಣ್ಣಗಾದರೆ ಎಂಥ ಈಜುಗಾರನಿಗೂ ನೀರು ಹಿಂದಕ್ಕೆ ತಳ್ಳಲು ಆಗುವುದಿಲ್ಲ. ತಣ್ಣೀರಿನ ಪರಿಣಾಮ ಅಧ್ಯಯನ ಮಾಡಿದ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೆ 1-10-1 ಎಂಬ ಲೆಕ್ಕ ಕೊಟ್ಟಿದ್ದಾರೆ. ಕೊರೆಯುವ ನೀರಿಗೆ ಬಿದ್ದವರಿಗೆ ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು 10 ನಿಮಿಷ ಮಾತ್ರ, ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಜನ ಹೆದರುವುದು ಕೊನೆಯ ಗಂಟೆಗೆ, ಮುಳುಗುವುದು ಮಾತ್ರ ಮೊದಲ ಹನ್ನೊಂದು ನಿಮಿಷಗಳಲ್ಲಿ. ಹಾಗಾಗಿ ಸರೋವರದ ನಡುವಿಗೆ ಹೋಗದೆ ದಡದ ಉದ್ದಕ್ಕೆ, ಕಾಲು ನಿಲುಕುವ ಆಳದಲ್ಲೇ ಈಜಿ.

ಏನಾದರೂ ಎಡವಟ್ಟಾದರೆ ದಡಕ್ಕೆ ಬಡಿದಾಡಬೇಡಿ. ಅಂಗಾತ ತೇಲಿ, ಕಿವಿ ಮುಳುಗುವವರೆಗೆ ತಲೆ ಹಿಂದಕ್ಕೆ ಬಾಗಿಸಿ, ಕೈಗಳನ್ನು ಮೆಲ್ಲಗೆ ಆಡಿಸುತ್ತಾ ಉಸಿರು ಮರಳುವವರೆಗೆ ಹಾಗೇ ಇರಿ. ಕಾಲು ಕೆಳಗಿಳಿದರೂ ಪರವಾಗಿಲ್ಲ. ನೀರಿನಲ್ಲಿ ಸಿಕ್ಕವರನ್ನು ಕಾಪಾಡುವ ಇಲ್ಲಿನ ಸಂಸ್ಥೆ ಆರ್‌ಎನ್‌ಎಲ್‌ಐ ಕಲಿಸುವುದು ಇದನ್ನೇ. ಬೇರೆಯವರು ಮುಳುಗುತ್ತಿದ್ದರೆ ನೀವು ಹಾರಬೇಡಿ. ತೇಲು ಎಂದು ಕೂಗಿ ಹೇಳಿ, ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆಯಿರಿ, ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಸಮುದ್ರವಾದರೆ ಕೋಸ್ಟ್‌ಗಾರ್ಡ್ ಕೇಳಬೇಕು, ಸರೋವರ ಅಥವಾ ನದಿಯಾದರೆ ಫೈರ್ ಅಂಡ್ ರೆಸ್ಕ್ಯೂ, ಅಂದರೆ ಅಗ್ನಿಶಾಮಕ ದಳ.

ಸಾಮಾನಿನ ವಿಷಯ. ಎದ್ದು ಕಾಣುವ ಬಣ್ಣದ ಟೊಪ್ಪಿ, ಸೊಂಟಕ್ಕೆ ಕಟ್ಟಿ ಹಿಂದೆ ಎಳೆದೊಯ್ಯುವ ಗಾಳಿ ತುಂಬಿದ ಚೀಲ (ಟೋ ಫ್ಲೋಟ್) ಕಡ್ಡಾಯ ಎಂದುಕೊಳ್ಳಿ. 3 ಮಿಲಿಮೀಟರ್ ಕೈಗವಸು ಬೆರಳು ಉಳಿಸುತ್ತದೆ. ವೆಟ್‌ಸೂಟ್ ಇದ್ದರೆ ಮೊದಲ ಚಳಿಗಾಲ ಸುಲಭ. ಆದರೆ ಈಜುವುದಕ್ಕೆಂದೇ ಮಾಡಿದ್ದನ್ನು ಕೊಳ್ಳಿ, ಸರ್ಫಿಂಗಿನದು ಭುಜ ಹಿಡಿಯುತ್ತದೆ. ಸಡಿಲವಾಗಿದ್ದರೆ ತಣ್ಣೀರು ಒಳಗೆ ಹರಿದಾಡುತ್ತಲೇ ಇರುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ. ಎಣ್ಣೆ ಚಳಿ ತಡೆಯುವುದಿಲ್ಲ. ದೂರ ಈಜುವವರು ಕಂಕುಳು, ಕತ್ತಿಗೆ ವ್ಯಾಸಲೀನ್ ಹಚ್ಚುವುದು ಚರ್ಮ ಉಜ್ಜಿಹೋಗದಿರಲಿ ಎಂದು. ಮೈತುಂಬ ಎಣ್ಣೆಯಾದರೆ ಎಳೆದುಕೊಳ್ಳಲು ಬಂದವರ ಕೈಗೂ ನೀವು ಸಿಗುವುದಿಲ್ಲ.

ಜಾಗ ಆರಿಸುವಾಗ ನಿಮಗೆ ರೈಡಲ್ ವಾಟರ್ ಎಂಬ ಸರೋವರ ಒಳ್ಳೆಯದು. ಚಿಕ್ಕದು, ಆದರೆ ಬೇಗ ತಣ್ಣಗಾಗುತ್ತದೆ, ನೆನಪಿರಲಿ. ವಾಸ್ಟ್‌ವಾಟರ್ ಇಂಗ್ಲೆಂಡಿನಲ್ಲೇ ಅತಿ ಆಳದ ಸರೋವರ, ಸದ್ಯಕ್ಕೆ ಅದನ್ನು ನೋಡಿಕೊಂಡು ಬನ್ನಿ ಸಾಕು. ವಿಂಡರ್‌ಮಿಯರ್ ಸರೋವರದಲ್ಲಿ ದೋಣಿಗಳಿಗೆ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ವೇಗದ ಮಿತಿ ಇದ್ದರೂ ಓಡಾಟ ಬಹಳ. ಅಲ್ಲಿ ಮಿಲ್ಲರ್‌ಗ್ರೌಂಡ್, ಫೆಲ್ ಫುಟ್ ಎಂಬ ಜಾಗಗಳ ಕಡೆ ಇಳಿದು, ದಡ ಬಿಡದೆ ಇರಿ. ಜಲಾಶಯಗಳಿಗೆ ಇಳಿಯಬೇಡಿ, ದಡ ಕಡಿದಾಗಿರುತ್ತದೆ, ತೂಬಿನ ಹತ್ತಿರ ಸೆಳೆತವಿರುತ್ತದೆ. ಜೋರು ಮಳೆ ಬಂದ ಮೇಲೆ ಎರಡು ದಿನ ಬಿಡಿ, ಚರಂಡಿ ನೀರು ಉಕ್ಕಿ ಸೇರಿರಬಹುದು. ಬೇಸಿಗೆಯಲ್ಲಿ ದಡದ ಬಳಿ ಹಸಿರು ಪೇಂಟ್ ಚೆಲ್ಲಿದಂತೆ ಕಂಡರೆ ಅದು ನೀಲಿ-ಹಸಿರು ಪಾಚಿ, ಅದರಲ್ಲಿ ವಿಷ ಇರಬಹುದು.

ಇಷ್ಟೆಲ್ಲ ಜಾಗ್ರತೆ ವಹಿಸಿದವರೂ ಎಡವುವುದು ದಡ ಹತ್ತಿದ ಮೇಲೆ. ನೀರಿನಿಂದ ಎದ್ದ ಹತ್ತರಿಂದ ಮೂವತ್ತು ನಿಮಿಷದವರೆಗೂ ದೇಹದೊಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಚೀಲದಲ್ಲಿ ಬಟ್ಟೆಯನ್ನು ತಲೆಕೆಳಗಾಗಿ ಜೋಡಿಸಿ, ಮೊದಲು ಬೇಕಾದದ್ದು ಮೇಲೆ. ಮಂಕಿ ಕ್ಯಾಪ್, ಉಲ್ಲನ್ ಬನಿಯನ್, ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಆಮೇಲೆ ಪ್ಯಾಂಟ್. ಒದ್ದೆ ಮೇಲುಡುಪು ಕಳಚಿ ಎದೆ ಬೆನ್ನು ಒರೆಸಿ, ಮೇಲರ್ಧ ಪೂರ್ತಿ ಮುಚ್ಚಿದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿ. ಗುಂಡಿ, ಲೇಸು, ಬಿಗಿ ಜೀನ್ಸ್ ಬೇಡ, ಮರಗಟ್ಟಿದ ಬೆರಳಿಗೆ ಅವು ಆಗುವುದಿಲ್ಲ. ನಿಲ್ಲಲು ಒಂದು ಚಾಪೆ ಇರಲಿ. ಫ್ಲಾಸ್ಕಿನ ಕಾಫಿ ಹದವಾಗಿ ಬಿಸಿಯಿರಲಿ, ನಡುಗುವ ಕೈಯಲ್ಲಿ ಕುದಿ ಕಾಫಿ ಚೆಲ್ಲಿದರೆ ಚರ್ಮಕ್ಕೆ ಗೊತ್ತಾಗುವುದೇ ಇಲ್ಲ. ನಡುಕ ಬಂದರೆ ಬರಲಿ, ಅದೇ ಮೈಯ ಒಲೆ. ನಡುಕ ನಿಲ್ಲುವವರೆಗೆ ಬಿಸಿನೀರ ಸ್ನಾನವೂ ಬೇಡ, ಕಾರು ಓಡಿಸುವುದೂ ಬೇಡ. ಯಾರಿಗಾದರೂ ಮಾತು ತೊದಲಿ, ಹೆಜ್ಜೆ ತಪ್ಪಿ, ಬೆಚ್ಚಗಾಗದೆಯೇ ನಡುಕ ನಿಂತರೆ ಕೈಕಾಲು ಉಜ್ಜಬೇಡಿ, ನಡೆಸಬೇಡಿ. ಮಲಗಿಸಿ, ಹೊದಿಸಿ, 999.

ನಿಮ್ಮ ಮನೆಯವರು ಧಾರಾಳವಾಗಿ ಬರಲಿ. ಉದ್ದ ತೋಳಿನ ಈಜುಡುಗೆ, ಲೆಗ್ಗಿಂಗ್ ಹಾಕಿದವರನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹತ್ತಿಯ ಚೂಡಿದಾರ್ ಮಾತ್ರ ಬೇಡ, ನೀರು ಕುಡಿದು ಕಾಲಿಗೆ ಸುತ್ತಿಕೊಳ್ಳುತ್ತದೆ. ಉದ್ದ ಕೂದಲನ್ನು ಎತ್ತಿ ಕಟ್ಟಿ ಎರಡು ಸಿಲಿಕಾನ್ ಟೊಪ್ಪಿ ಹಾಕಿಕೊಳ್ಳಲಿ. ಉಂಗುರ, ಕಾಲುಂಗುರ ಮನೆಯಲ್ಲೇ ತೆಗೆದಿಟ್ಟು ಬನ್ನಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಊರಿನಲ್ಲಿ ಸೋಪು ಹಚ್ಚಿದರೂ ಬರದಿದ್ದ ಉಂಗುರ ಇಲ್ಲಿ ತಾನಾಗಿ ಜಾರಿ ಹೋಗುತ್ತದೆ.