ಹಣ್ಣಿನ ಮರ, ದೀಪದ ಎಣ್ಣೆ

"ಭೂಮಿಯನ್ನು ವಶಮಾಡಿಕೊಳ್ಳಿ ಅಂತ ಬೈಬಲಿನ ಮೊದಲ ಪುಸ್ತಕ ಆದಿಕಾಂಡವೇ ಹೇಳುವಾಗ ಯಹೂದಿ ಧರ್ಮದಲ್ಲಿ ಪರಿಸರ ಕಾಳಜಿ ಎಲ್ಲಿಂದ ಬರಬೇಕು?" ಎಂದು ಕೇಳಿದ್ದೀರಿ. ಮುಂದಿನ ಅಧ್ಯಾಯದಲ್ಲೇ, ತೋಟದ ಕೆಲಸಕ್ಕೂ ಕಾವಲಿಗೂ ಮನುಷ್ಯನನ್ನು ಇಟ್ಟ ಮಾತಿದೆಯಲ್ಲ. ಆದರೆ ನನಗೆ ಅದಕ್ಕಿಂತ ಗಟ್ಟಿ ಅನ್ನಿಸುವುದು ಅದೇ ಬೈಬಲಿನ ಧರ್ಮೋಪದೇಶಕಾಂಡದ 20ನೇ ಅಧ್ಯಾಯ. ಶತ್ರುವಿನ ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯುವಂತಿಲ್ಲ. ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಇದನ್ನೇ ಹಿಗ್ಗಿಸಿ 'ಬಲ್ ತಶ್ಖಿತ್', ಅಂದರೆ ಹಾಳುಮಾಡಬೇಡ, ಎಂಬ ನಿಯಮ ಮಾಡಿದರು. ಅವರ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ದೀಪದ ಎಣ್ಣೆಯವರೆಗೂ ಹೋಗುತ್ತದೆ: ಎಣ್ಣೆ ಬೇಗ ಉರಿದುಹೋಗುವ ಹಾಗೆ ದೀಪ ಮುಚ್ಚಿಟ್ಟವನೂ ತಪ್ಪಿತಸ್ಥನೇ! 12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಪಾತ್ರೆ ಒಡೆಯುವುದು, ಬಟ್ಟೆ ಹರಿಯುವುದು, ನೀರಿನ ಬುಗ್ಗೆ ಮುಚ್ಚುವುದು, ಆಹಾರ ಕೆಡಿಸುವುದನ್ನೂ ಪಟ್ಟಿಗೆ ಸೇರಿಸಿದರು.

ಹಾಗಂತ ಇದನ್ನು ಇಂದಿನ ಅರಣ್ಯ ಕಾಯ್ದೆಯಂತೆ ಓದಬೇಡಿ. ಪಕ್ಕದ ಮರಗಳಿಗೆ ತೊಂದರೆಯಾದರೆ, ಅಥವಾ ಹಣ್ಣಿಗಿಂತ ದಿಮ್ಮಿಗೇ ಹೆಚ್ಚು ಬೆಲೆ ಬಂದರೆ, ಕಡಿಯಲು ಅದೇ ಮೈಮೊನಿಡೀಸ್ ಒಪ್ಪುತ್ತಾರೆ. ಮರದ ಹಕ್ಕಿಗಿಂತ, ಸುಮ್ಮಸುಮ್ಮನೆ ಹಾಳುಮಾಡಬಾರದೆಂಬುದೇ ಇಲ್ಲಿಯ ಆಶಯ.

ಏಳು ವರ್ಷಕ್ಕೊಮ್ಮೆ ಹೊಲ ಬೀಳುಬಿಡುವ 'ಶ್ಮಿತಾ' ಬೇರೆಯೇ ಕಥೆ. ಇಸ್ರೇಲಿನಲ್ಲಿ ಅದು 2021-22ರಲ್ಲಿ ಬಂದಿತ್ತು. ಆಗಲೂ ಹಲವರು ಈ ನಿಯಮದಿಂದ ಪಾರಾಗಲು ಜಮೀನನ್ನು ಯಹೂದಿಯಲ್ಲದವರಿಗೆ ಹೆಸರಿಗೆ ಮಾರಿ ಉಳುಮೆ ಮುಂದುವರಿಸಿದರು.