ಪತ್ರೊಡೆಗೆ ಹುಳಿ ಕಡಿಮೆ ಮಾಡಬೇಡಿ

ಪ್ರಶ್ನೆ: ನಮ್ಮಮ್ಮ ಕಾಪುವಿನವರು. ಅವರು ತೀರಿಕೊಂಡ ಮೇಲೆ ಈ ಮಳೆಗಾಲದಲ್ಲಿ ಮೊದಲ ಸಲ ನಾನೇ ಪತ್ರೊಡೆ, ಅಂದರೆ ಕೆಸುವಿನ ಎಲೆಗೆ ಅಕ್ಕಿಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ತಿಂಡಿ, ಮಾಡಿದೆ. ಎಲೆ ಇಲ್ಲಿನ ಮಾರ್ಕೆಟ್ಟಿನದು. ಮಕ್ಕಳಿಗೆ ಹುಳಿ ಆಗುವುದಿಲ್ಲವೆಂದು ಹುಣಸೆ ಕಡಿಮೆ ಹಾಕಿ, 20 ನಿಮಿಷ ಬೇಯಿಸಿದೆ. ಎಲ್ಲರಿಗೂ ಗಂಟಲು ತುರಿಸಿತು. ಅಮ್ಮ ಮಾಡಿದ್ದು ಒಮ್ಮೆಯೂ ತುರಿಸಿದ್ದಿಲ್ಲ. ನನ್ನ ಕೈಗುಣವೇ ಸರಿಯಿಲ್ಲವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕೈಗುಣದ ಮಾತು ಬಿಡಿ. ತಪ್ಪಿದ್ದು ಹುಳಿಯಲ್ಲಿ, ಮತ್ತೆ ಬೇಯಿಸಿದ ಹೊತ್ತಿನಲ್ಲಿ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ, ಸೂಜಿಯಷ್ಟು ಚೂಪು. ಗಂಟಲಿಗೆ ಚುಚ್ಚುವುದು ಅವೇ. ಅವುಗಳ ಉಪದ್ರ ಅಡಗಿಸಲಿಕ್ಕೇ ನಮ್ಮ ಹಿರಿಯರು ಹುಣಸೆ ಹಾಕಿದ್ದು. ಎರಡು ಕುಡ್ತೆ (ನಮ್ಮ ಕಡೆಯ ಸಣ್ಣ ಅಳತೆ ಪಾತ್ರೆ) ಬೆಳ್ತಿಗೆ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನಷ್ಟು ಹುಳಿ ನನ್ನ ಲೆಕ್ಕ. ಮಕ್ಕಳಿಗಾಗಿ ಬೆಲ್ಲ ಬೇಕಾದರೆ ಹೆಚ್ಚು ಮಾಡಿ, ಹುಳಿಯನ್ನು ಮಾತ್ರ ಮುಟ್ಟಬೇಡಿ. ಒಣಮೆಣಸು, ಕೊತ್ತಂಬರಿ, ಕಾಯಿತುರಿ ಸೇರಿಸಿ ಹಿಟ್ಟು ದಪ್ಪಗೆ, ತುಸು ತರಿಯಾಗಿಯೇ ಇರಲಿ.

ಎಲೆ ಆರಿಸುವಾಗ ದಂಟು ಕಪ್ಪಗಿರುವುದನ್ನು ನೋಡಿ ತನ್ನಿ. ಮರಾಠಿಯವರ ಪತ್ರೊಡೆಯಂಥ ಅಳುವಡಿಗೆಂದು ಮಾರುವ ಎಲೆ ನಿಮ್ಮಲ್ಲಿ ಸಿಗುತ್ತದಲ್ಲ, ಅದೇ ಸಾಕು. ಅವರು ಕಡಲೆಹಿಟ್ಟು ಹಚ್ಚುತ್ತಾರೆ, ನಾವು ಅಕ್ಕಿ. ಊರಲ್ಲಾದರೆ ಮಳೆಗೆ ಮರದ ಕವಲಲ್ಲಿ ಏಳುವ ಮರಕೆಸು ಇದೆ, ಅದರ ತುರಿಕೆ ಬಹಳ ಕಡಿಮೆ. ತುಳುವರ ಆಟಿ ತಿಂಗಳಲ್ಲಿ ಉಡುಪಿ ಪೇಟೆಗೆ ಕಟ್ಟು ಕಟ್ಟಾಗಿ ಬರುತ್ತದೆ. ನಿಮ್ಮಮ್ಮನ ಎಲೆ ಅದೇ ಇದ್ದಿರಬಹುದು.

ನನ್ನ ಅಮ್ಮ ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಕೆಸುವಿಗೆ ಕೈ ಹಾಕುತ್ತಿದ್ದರು. ಮಣೆಯ ಮೇಲೆ ಎಲೆ ಕವುಚಿ, ದಪ್ಪ ನಾರನ್ನೆಲ್ಲ ಚೂರಿಯಲ್ಲಿ ಹೆರೆಯುವರು. ಎಲೆ ಒಗೆದ ಬಟ್ಟೆಯ ಹಾಗೆ ಮೆತ್ತಗೆ ಮಲಗಬೇಕು, ಅಲ್ಲಿಯವರೆಗೆ ಹಿಟ್ಟಿನ ಪಾತ್ರೆ ಹತ್ತಿರ ಎಳೆಯುತ್ತಿರಲಿಲ್ಲ. ಒಂದರ ಮೇಲೊಂದು ಐದಾರು ಎಲೆ ಹಚ್ಚಿ, ಅಂಚು ಒಳಗೆ ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ, ಹಬೆಯಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ನಿಮ್ಮ 20 ನಿಮಿಷ ಏನೇನೂ ಸಾಲದು.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ಮೊದಲು ನಮಗೆ ಮುಂಬಯಿಗೆ ಬಸ್ಸೇ ಗತಿ. ಮಾಟುಂಗದಲ್ಲಿದ್ದ ಅಕ್ಕನಿಗೆಂದು ಅಮ್ಮ ಬೇಯಿಸಿದ ಸುರುಳಿಗಳನ್ನು ಕತ್ತರಿಸದೆ ಬಾಳೆಲೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟಿದ್ದರು. ರಾತ್ರಿಯಿಡೀ ಕೊತ್ತಂಬರಿ, ಹುಳಿಯ ಪರಿಮಳ. ಅಕ್ಕ ಬಾಗಿಲು ತೆರೆದವಳು ನನ್ನ ಮುಖ ನೋಡುವ ಮೊದಲು ಕಟ್ಟು ನೋಡಿದಳು. ಹೊಲಿಗೆ ಡಬ್ಬಿಯಿಂದ ಬಿಳಿ ನೂಲು ತಂದು, ಸುರುಳಿಯ ಅಡಿ ತೂರಿಸಿ, ಎರಡು ತುದಿ ಅಡ್ಡ ಹಾಕಿ ಎಳೆದಳು. ಒಂದು ಪದರವೂ ಬಿಡದ ಬಿಲ್ಲೆ ಬಂತು. ಅದನ್ನು ನಿಂತಲ್ಲೇ ತಿಂದಳು, ಬಾಗಿಲು ಇನ್ನೂ ಹಾಕಿರಲಿಲ್ಲ. ಉಳಿದದ್ದು ಕಾವಲಿಗೆ ಹೋಯಿತು, ತೆಂಗಿನೆಣ್ಣೆಯಲ್ಲಿ ಎರಡೂ ಬದಿ ಕೆಂಪಗೆ.

ಈಗ ಮಾಡಿದ್ದು ಉಳಿದಿದ್ದರೆ ಎಸೆಯಬೇಡಿ. ತುಂಡು ಮಾಡಿ, ಹುಣಸೆ ರಸ, ಬೆಲ್ಲ, ಕಾಯಿ ಅರೆದ ಮಸಾಲೆಯಲ್ಲಿ ಚೆನ್ನಾಗಿ ಕುದಿಸಿ, ಮೊದಲು ನೀವೊಬ್ಬರೇ ಒಂದು ಚೂರು ನೋಡಿ. ಮುಂದಿನ ಸಲ ಸುರುಳಿ ಪೂರ್ತಿ ತಣಿದ ಮೇಲೆ ಕತ್ತರಿಸಿ. ಚೂರಿ ಬೇಡ, ನೂಲು ತೆಗೆದುಕೊಳ್ಳಿ.